ಗುರುವಾರದ ವರದಿ

ನಮ್ಮೂರಿನಲ್ಲಿ ತೆಗೆದ ಸಿನಿಮಾವನ್ನು ನೀವು ನೋಡಿರಲಾರಿರಿ. ನಮ್ಮ ಟೆಂಟಿನಲ್ಲೇ ಅದು ಓಡಿದ್ದು ನಾಲ್ಕು ದಿನ, ಬೇರೆ ಕಡೆ ಓಡಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಥೆ ಇಷ್ಟೇ. ಒಂದು ಊರು, ಆ ಊರಿನ ಜನರ ಹಾಗೇ ಇರುವ ಯಂತ್ರದ ಮನುಷ್ಯರು. ಅವು ಒಂದೊಂದಾಗಿ ತಮ್ಮ ತಮ್ಮ ಮನೆಗೆ ಬಂದು ಮೂರು ಸಲ ಬಾಗಿಲು ತಟ್ಟಿ, "ಬಾಗಿಲು ತೆಗೀರಿ, ಆಚೆ ನಿಂತಿರೋದು ನಾನೇ" ಅನ್ನುತ್ತವೆ. ಒಳಗಿದ್ದವರು ತೆಗೆಯುತ್ತಾರೆ. ಯಂತ್ರದ ಕೈ ಕತ್ತಿನ ಕಡೆಗೆ ಏಳುತ್ತದೆ, ದೀಪ ಆರುತ್ತದೆ. ಮಾರನೆಯ ಬೆಳಿಗ್ಗೆ ಅದೇ ಅಂಗಳದಲ್ಲಿ ಯಂತ್ರ ಕೂತು ರಂಗೋಲಿ ಬಿಡುತ್ತಿರುತ್ತದೆ, ಪಕ್ಕದ ಮನೆಯಾಕೆ ಬಂದು ಹೆಪ್ಪಿಗೆ ಮಜ್ಜಿಗೆ ಈಸಿಕೊಂಡು ಹೋಗುತ್ತಾಳೆ. ಹೆದರಿ ಕಿರುಚಬೇಕಾದ ಜಾಗಗಳಲ್ಲೆಲ್ಲ ನಮ್ಮ ಜನ ಬಿದ್ದು ಬಿದ್ದು ನಕ್ಕರು. ತೆರೆಯ ಮೇಲೆ ನಮ್ಮದೇ ಮುಖಗಳಿದ್ದರೆ ಇನ್ನೇನು ಮಾಡುವುದು? ಗಿರಣಿ ರುದ್ರಪ್ಪ ಗಿರಣಿ ರುದ್ರಪ್ಪನನ್ನೇ ಕೊಲ್ಲುವ ಜಾಗದಲ್ಲಂತೂ ಶಿಳ್ಳೆ ನಿಲ್ಲಲೇ ಇಲ್ಲ.

ಕಂಪನಿಯವರು ನಮ್ಮಲ್ಲಿ ಎಂಬತ್ತು ಜನರ ಅಚ್ಚು ತೆಗೆದಿದ್ದರು. ಮುಖಕ್ಕೆ ಏನೋ ತಣ್ಣನೆಯದನ್ನು ಬಳಿದು ಅರ್ಧ ದಿನ ಅಂಗಾತ ಮಲಗಿಸಿದ್ದರು. ಆಮೇಲೆ ಬಂದ ಆ ಬೊಂಬೆಗಳನ್ನು ನಾವು ಈಗಲೂ ಅಚ್ಚು ಅಂತಲೇ ಕರೆಯುತ್ತೇವೆ. ನಮ್ಮ ನಡಿಗೆ, ಕೆಮ್ಮು, ಸಿಟ್ಟು ಎಲ್ಲ ಅವಕ್ಕೂ ಬರಬೇಕಲ್ಲ, ಅದಕ್ಕಾಗಿ ಒಂದು ತಿಂಗಳು ದಿನಾ ನಮ್ಮ ನಮ್ಮ ಅಚ್ಚಿನ ಎದುರು ಕೂತು ಇವತ್ತು ಏನೇನಾಯಿತು ಅಂತ ಹೇಳಬೇಕಿತ್ತು. ನನ್ನದಿತ್ತು, ನನ್ನ ಹೆಂಡತಿ ಜಯಶೀಲಳದಿತ್ತು, ಆಗ ಐದು ವರ್ಷದವಳಾಗಿದ್ದ ನಮ್ಮ ಮಗಳು ಚಂಪಾಳದೂ ಇತ್ತು. ಶೂಟಿಂಗ್ ಮುಗಿದ ಮೇಲೆ ಕಂಪನಿಯವರು ಲೈಟು, ವೈರು, ಕುರ್ಚಿ ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೋದರು. ಎಂಬತ್ತು ಅಚ್ಚುಗಳನ್ನು ಕೆರೆ ಏರಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ, ಇನ್ನೊಂದು ಲಾರಿ ತರುತ್ತೇವೆ ಅಂದರು. ಇಪ್ಪತ್ತಮೂರು ವರ್ಷವಾಯಿತು, ಆ ಲಾರಿ ಇನ್ನೂ ದಾರಿಯಲ್ಲಿದೆ.

ಸಿನಿಮಾ ಮುಗಿಯಿತು ಅಂತ ಆ ಅಚ್ಚುಗಳಿಗೆ ಯಾರೂ ಹೇಳಿರಲಿಲ್ಲ. ಟೆಂಟಿನಿಂದ ಸಿನಿಮಾ ಎತ್ತಿದ ಮೂರು ವಾರಕ್ಕೆ, ನಡು ಮಧ್ಯಾಹ್ನ, ರುದ್ರಪ್ಪನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಬೀದಿಯವರೆಲ್ಲ ಕೇಳಿಸಿಕೊಂಡೆವು. ರುದ್ರಪ್ಪ ನಗುತ್ತಲೇ ಬಾಗಿಲು ತೆಗೆದ. ಬಾಗಿಲು ಮುಚ್ಚಿಕೊಂಡಿತು. ಸಂಜೆಯ ಹೊತ್ತಿಗೆ ಗಿರಣಿ ಎಂದಿನಂತೆ ಶುರುವಾಯಿತು. ಆವತ್ತಿನಿಂದ ಆ ಮನೆಯಲ್ಲಿರುವುದು ಒಬ್ಬನೇ ರುದ್ರಪ್ಪ, ಶೆಡ್ಡಿನಲ್ಲಿ ಅವನ ಅಚ್ಚು ಇಲ್ಲ. ಉಳಿದವನು ಯಾರು ಅಂತ ನಾವು ಅವನ ಹೆಂಡತಿಯನ್ನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಿಟ್ಟು ಮಾತ್ರ ಮೊದಲಿಗಿಂತ ನುಣ್ಣಗೆ ಬರುತ್ತಿದೆ.

ಆಗ ದಾರಿ ತೋರಿಸಿದವಳು ಕೆಂಚಮ್ಮ. ಕಂಪನಿಯವರಿಗೆ ಅಡುಗೆ ಮಾಡಿಕೊಂಡಿದ್ದ ಹೆಂಗಸು, ಹೋಗುವಾಗ ಅವರು ಶೆಡ್ಡಿನ ಬೀಗದ ಕೈಯನ್ನು ಅವಳ ಕೈಗೆ ಹಾಕಿ ಹೋಗಿದ್ದರು. "ಮಾತಾಡಿಸ್ತಾ ಇದ್ರೆ ಸುಮ್ಕಿರ್ತವೆ ಕಣ್ರಪ್ಪ. ಮಾತು ನಿಂತ್ರೆ ತಮ್ಮ ಸೀನ್ ಬಂತು ಅಂದ್ಕೊಂಡು ಹೊರಟುಬಿಡ್ತವೆ" ಅಂದಳು. ಅಂದಿನಿಂದ ಗುರುವಾರ, ಅಂದರೆ ನಮ್ಮೂರಿನ ಅಂಗಡಿಗಳಿಗೆ ರಜೆಯ ದಿನ, ಪ್ರತಿಯೊಬ್ಬರೂ ಶೆಡ್ಡಿಗೆ ಹೋಗಿ ತಮ್ಮ ಅಚ್ಚಿನ ಮುಂದೆ ನಿಂತು ವಾರದ ಸುದ್ದಿ ಹೇಳಿ ಬರುತ್ತೇವೆ. ವರದಿ ಒಪ್ಪಿಸೋದು ಅನ್ನುತ್ತೇವೆ ಅದಕ್ಕೆ. ಒಂದು ವಾರ ತಪ್ಪಿದರೆ ಚಿಂತೆಯಿಲ್ಲ. ಮೂರನೆಯ ಗುರುವಾರದ ಮಧ್ಯಾಹ್ನವೂ ತಪ್ಪಿತೋ, ಅಚ್ಚು ಹೊರಡುತ್ತದೆ. ಒಬ್ಬರ ವರದಿಯನ್ನು ಇನ್ನೊಬ್ಬರು ಒಪ್ಪಿಸುವ ಹಾಗಿಲ್ಲ, ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸಾವಿನ ಸುದ್ದಿಯೊಂದನ್ನು ಮಾತ್ರ ಮನೆಯವರು ಹೇಳಿದರೆ ನಂಬುತ್ತದೆ. ಕೇಳಿದ ಕೂಡಲೇ ನಿಂತಲ್ಲೇ ಕೂತು ಕಣ್ಣು ಮುಚ್ಚುತ್ತದೆ, ಮತ್ತೆ ಏಳುವುದಿಲ್ಲ. ಆಮೇಲೆ ನಾಲ್ಕು ಜನ ಅದನ್ನು ಎತ್ತಿ ಹಿಂದಿನ ಕೋಣೆಯಲ್ಲಿಟ್ಟು ಕೈಕಾಲು ತೊಳೆದುಕೊಂಡು ಮನೆಗೆ ಹೋಗುತ್ತಾರೆ.

ಹೊಸದರಲ್ಲಿ ಭಯವಿತ್ತು. ಎರಡೇ ವರ್ಷಕ್ಕೆ ಅದು ನಲ್ಲಿಯಲ್ಲಿ ನೀರು ಹಿಡಿಯುವಷ್ಟು ಸಾಮಾನ್ಯವಾಯಿತು. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ಅಚ್ಚು ಇದೆಯೋ ಇಲ್ಲವೋ ಅಂತ ಮೊದಲೇ ಕೇಳುತ್ತಿದ್ದರು, ಇದ್ದರೆ ಅವನನ್ನು ದೂರದ ಊರಿಗೆ ಕಳಿಸುವ ಹಾಗಿಲ್ಲವಲ್ಲ. ನಾನಂತೂ ಮಹಾ ಸೋಮಾರಿ. ನನ್ನದು ಗೋಲಿ ಸೋಡಾ ಮಾಡುವ ಕೆಲಸ, ವಾರದಲ್ಲಿ ಹೇಳಿಕೊಳ್ಳುವಂಥದ್ದು ಏನಿರುತ್ತದೆ? ಅಚ್ಚಿನ ಮುಂದೆ ನಿಂತು "ಹೋದ ವಾರದ ಹಾಗೇ" ಅಂತ ಎರಡು ಮಾತು ಬಿಸಾಕಿ ಬೀಡಿ ಹಚ್ಚುತ್ತಿದ್ದೆ. ಮೂವತ್ತೊಂದರ ಹರೆಯದಲ್ಲೇ ನಿಂತುಬಿಟ್ಟಿದ್ದ ಆ ನನ್ಮಗ ನನ್ನ ಬೋಳುತಲೆಯನ್ನು ದಿಟ್ಟಿಸಿ ನೋಡುತ್ತಿದ್ದ. ಅದಕ್ಕೇ ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಜಯಶೀಲಳದು ಬೇರೆ. ಗುರುವಾರ ಬಂತೆಂದರೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಮಲ್ಲಿಗೆ ಮುಡಿದು ಹೊರಡುವಳು. ಶೆಡ್ಡಿನ ನಡುವೆ ಒಂದು ತಗಡಿನ ಗೋಡೆ ಇದೆ, ಗಂಡಸರು ಈ ಕಡೆ, ಹೆಂಗಸರು ಆ ಕಡೆ. ನಾನು ಹೊರಗೆ ಮರದ ಕೆಳಗೆ ಕಾದು ಕಾದು ಸುಸ್ತಾಗುತ್ತಿದ್ದೆ, ಅವಳು ಬರುತ್ತಿದ್ದದ್ದು ಒಂದು ಗಂಟೆಯ ಮೇಲೆ. "ಸೀಸೆ ತೊಳೆದೆ, ಸಾರು ಮಾಡಿದೆ ಅನ್ನೋದಕ್ಕೆ ಒಂದು ಗಂಟೆ ಬೇಕೇನೇ?" ಅಂತ ಛೇಡಿಸಿದರೆ, "ನಿಮಗೇನು ಗೊತ್ತಾಗುತ್ತೆ ಬಿಡಿ" ಅಂತ ಮುಂದೆ ನಡೆಯುವಳು. ಹಾಗೆ ಬರುವಾಗ ಅವಳ ಮುಖ ಊರಿಗೆ ಹೋಗಿ ನೆಂಟರನ್ನು ಕಂಡು ಬಂದವರ ಮುಖದ ಹಾಗಿರುತ್ತಿತ್ತು. ಅದನ್ನು ನೋಡಿಯೂ ನಾನು ಏನನ್ನೂ ಕೇಳಲಿಲ್ಲ.

ಇಲ್ಲಿ ಚಂಪಾಳ ವಿಷಯ ಹೇಳಬೇಕು, ಹೇಳುವುದಕ್ಕೆ ನನಗೆ ಕಷ್ಟ. ಸಿನಿಮಾ ಬಂದುಹೋದ ಮರುವರ್ಷ, ಆರು ತುಂಬಿದ ಮೇಲೆ, ಅವಳಿಗೆ ಜ್ವರ ಬಂತು. ಮೂರನೆಯ ದಿನ ಪಕ್ಕದೂರಿನ ಮದುವೆ ಮನೆಗೆ ಹನ್ನೆರಡು ಕ್ರೇಟು ಸೋಡಾ ಮುಟ್ಟಿಸಬೇಕಿತ್ತು. "ಬೇಡ, ಇವತ್ತೊಂದಿನ ಇರಿ" ಅಂದಳು ಜಯಶೀಲ. "ಬರೀ ಜ್ವರ ಕಣೇ" ಅಂದು ಗಾಡಿ ಹೂಡಿಕೊಂಡು ಹೋದೆ. ಸಂಜೆ ಬರುವಾಗ ನಮ್ಮ ಬಾಗಿಲಲ್ಲಿ ಜನ ಸೇರಿದ್ದರು. ಮಣ್ಣು ಮಾಡಿ ಬಂದವನೇ ಅವಳ ಲಂಗ, ಸ್ಲೇಟು, ಫೋಟೋ ಎಲ್ಲವನ್ನೂ ಗಂಟು ಕಟ್ಟಿ ಯಾರಿಗೋ ಕೊಟ್ಟುಬಿಟ್ಟೆ. ಈ ಮನೆಯಲ್ಲಿ ಇನ್ನು ಆ ಹೆಸರು ಎತ್ತಕೂಡದು ಅಂದೆ. ಅದು ಔಷಧಿ ಅಂತ ನಂಬಿದ್ದೆ. ಶೆಡ್ಡಿನಲ್ಲಿದ್ದ ಚಂಪಾಳ ಅಚ್ಚಿಗೆ ಸುದ್ದಿ ಹೇಳಬೇಕಿತ್ತಲ್ಲ, ಅದನ್ನು ನಾನೇ ಹೇಳಿ ಬರ್ತೀನಿ ಅಂತ ಜಯಶೀಲ ಒಬ್ಬಳೇ ಹೋದಳು. ಬಂದು, "ಹೇಳಿ ಬಂದೆ" ಅಂದಳು. ಇಪ್ಪತ್ತು ವರ್ಷ ಆ ಹೆಸರು ನಮ್ಮ ಮನೆಯಲ್ಲಿ ಬರಲಿಲ್ಲ.

ಎರಡು ವರ್ಷದ ಕೆಳಗೆ, ಒಂದು ಭಾನುವಾರ, ಹಿತ್ತಲಲ್ಲಿ ಸೀಸೆ ತೊಳೆಯುತ್ತಿದ್ದ ಜಯಶೀಲ ಒಂದು ಸೀಸೆಯನ್ನು ಕ್ರೇಟಿನಲ್ಲಿ ಬೋರಲು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು. ನೀರು ತರುವಷ್ಟರಲ್ಲಿ ಹೋಗಿದ್ದಳು. ಗುರುವಾರ ನಾನು ಮೊದಲ ಸಲ ತಗಡಿನ ಗೋಡೆಯ ಆ ಕಡೆಗೆ ಕಾಲಿಟ್ಟೆ. ಮನಸ್ಸಿನಲ್ಲಿ ಒಂದೇ ವಾಕ್ಯ ಕಟ್ಟಿಕೊಂಡಿದ್ದೆ, ಜಯಶೀಲ ತೀರಿಕೊಂಡಳು ಅಂತ. ಕೆಂಚಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಮರಿಯಪ್ಪಾ, ಎದೆ ಗಟ್ಟಿ ಮಾಡ್ಕೊಂಡು ಹೋಗಪ್ಪ. ಅವಳು ಬಾಯಿ ಬಿಡಬ್ಯಾಡ ಅಂತ ನನ್ನ ಕೈಲಿ ಭಾಷೆ ತಗೊಂಡಿದ್ಲು" ಅಂದಳು. ಏನು ಎತ್ತ ಅಂತ ಕೇಳಿದರೆ ದಾರಿ ಬಿಟ್ಟು ನಿಂತಳು.

ಹೆಂಗಸರ ಸಾಲಿನ ಕೊನೆಯಲ್ಲಿ ಜಯಶೀಲಳ ಅಚ್ಚು ನಿಂತಿತ್ತು. ಇಪ್ಪತ್ತೇಳರ ಜಯಶೀಲ, ಕಪ್ಪು ಕೂದಲು, ನಾನು ಎಂದೋ ಕಳೆದುಹೋಯಿತು ಅಂದುಕೊಂಡಿದ್ದ ನೀಲಿ ಸೀರೆ. ಅದರ ಕೈ ಹಿಡಿದುಕೊಂಡು ಚಂಪಾ ನಿಂತಿದ್ದಳು. ಕೂತಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ, ನಿಂತಿದ್ದಳು. ಸಿನಿಮಾದಲ್ಲಿ ತೊಡಿಸಿದ್ದ ಹಳದಿ ಫ್ರಾಕು, ಎರಡು ಜಡೆ, ಮುಂದೆ ಒಂದು ಹಲ್ಲಿಲ್ಲ. ಒಂದು ಕೈ ತಾಯಿಯ ಕೈಯಲ್ಲಿತ್ತು. ಇನ್ನೊಂದು ಕೈಯನ್ನು ಅವಳು ಹೊಟ್ಟೆಯ ಮೇಲಿಟ್ಟು, ಸೊಂಟವನ್ನು ಸ್ವಲ್ಪ ಮುಂದಕ್ಕೆ ಚಾಚಿ, ದಿನ ತುಂಬಿದ ಹೆಂಗಸರು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದಳು. ನನ್ನನ್ನು ನೋಡಿ ಸೋತ ನಗೆ ನಕ್ಕು ಬೆನ್ನು ನೀವಿಕೊಂಡಳು. ನಾನು ಓಡಿದೆ. ಕಟ್ಟಿಕೊಂಡು ಹೋದ ವಾಕ್ಯ ಎಲ್ಲಿ ಬಿತ್ತೋ ಗೊತ್ತಿಲ್ಲ, ಕೆರೆ ಏರಿಯ ಮೇಲೆ ಕೂತಾಗ ಚಪ್ಪಲಿ ಕೂಡ ಕಾಲಲ್ಲಿರಲಿಲ್ಲ.

ಚಪ್ಪಲಿ ತಂದುಕೊಟ್ಟು ಕೆಂಚಮ್ಮ ಪಕ್ಕದಲ್ಲಿ ಕೂತಳು. ಜಯಶೀಲ ಆವತ್ತು ಮಗುವಿನ ಸಾವನ್ನು ಹೇಳಲೇ ಇಲ್ಲವಂತೆ. ಅಚ್ಚಿನ ಮುಂದೆ ನಿಂತು ಬಾಯಿ ತೆರೆದವಳು, "ಚಂಪಾಗೆ ಜ್ವರ ಬಿಡ್ತು" ಅಂದಳಂತೆ. ಮುಂದಿನ ವಾರ, ಚಂಪಾ ಸ್ಕೂಲಿಗೆ ಹೋದಳು ಅಂದಳು. ಹಾಗೆ ಶುರುವಾದದ್ದು ವಾರ ವಾರ ಬೆಳೆಯಿತು. ಜಯಶೀಲ ತನ್ನ ಅಚ್ಚಿಗೆ ಮಗಳ ಸುದ್ದಿ ಹೇಳುವಳು, ಅವಳು ಹೋದ ಮೇಲೆ ಆ ತಾಯಿ ಅಚ್ಚು ಮಗಳ ಅಚ್ಚಿಗೆ ಅದನ್ನೇ ಹೇಳುವುದು. ಈ ವಾರ ನೀನು ನಾಲ್ಕನೇ ಕ್ಲಾಸು ಪಾಸಾದೆ, ಈ ವಾರ ನೀನು ದೊಡ್ಡವಳಾದೆ, ಈ ವಾರ ನಿನ್ನನ್ನು ನೋಡೋಕೆ ಬಂದಿದ್ರು. "ಬೇರೆಯೋರ ಮಾತು ಕಿವಿಗೆ ಹಾಕ್ಕೊಳ್ದಿದ್ರೂ ತಾಯಿ ಹೇಳಿದ್ದನ್ನ ಮಗು ಕೇಳ್ತು. ಅದು ತಪ್ಪೂಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಮನೇಲಿ ನೀನು ಹೆಸರೆತ್ತಂಗಿಲ್ಲ ಅಂದಿದ್ದಂತೆ, ಪಾಪ ಅವಳು ಇನ್ನೆಲ್ಲಿ ಎತ್ತಬೇಕಿತ್ತು?" ಅಂದಳು ಕೆಂಚಮ್ಮ. ಅವಳು ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ.

ಎರಡನೆಯ ಗುರುವಾರ ಮತ್ತೆ ಹೋದೆ. ಈ ಸಲ ಮಗುವಿನ ಕಡೆ ನೋಡಬಾರದು, ಹೇಳಬೇಕಾದದ್ದನ್ನು ಹೇಳಿ ಹೊರಟುಬಿಡಬೇಕು ಅಂತ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಜಯಶೀಲಳ ಅಚ್ಚು ಮಾತಾಡಿತು. ಅದೇ ದನಿ, ಮುಪ್ಪಾಗದ ದನಿ.

"ನೀವೇ ಬಂದ್ರಾ? ಅವಳು ಹೇಳ್ತಿದ್ಲು, ಒಂದಿನ ಕರ್ಕೊಂಡು ಬರ್ತೀನಿ ಅಂತ. ನೋಡಿ, ಒಂಬತ್ತು ತಿಂಗಳು ತುಂಬಿಬಿಡ್ತು ಮಗಳಿಗೆ."

ನೋಡಬಾರದು ಅಂದುಕೊಂಡಿದ್ದ ಮಗುವನ್ನು ನೋಡಿಬಿಟ್ಟೆ. ಅಚ್ಚು ಮುಂದುವರಿಸಿತು.

"ಮದುವೇಲಿ ಧಾರೆ ಎರೆಯುವಾಗ ನೀವು ಅತ್ತುಬಿಟ್ರಂತೆ. ಬೀಗರ ಮುಂದೇನೇ. ಆಮೇಲೆ ಒಂದು ವಾರ ಊಟ ಸೇರಲಿಲ್ವಂತೆ ನಿಮಗೆ. ರಾತ್ರಿ ಎದ್ದೆದ್ದು ಅವಳ ಹಾಸಿಗೆ ಜಾಗ ನೋಡ್ತಿದ್ರಂತೆ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು, ನನ್ನ ಮಗಳನ್ನ ನಾನೇ ನೋಡ್ಕೋತೀನಿ ಅಂತ ಹಟ ಹಿಡಿದಿದ್ದೂ ನೀವೇ ಅಂತೆ."

ಆಗ ನನಗೆ ಅಳು ಬಂತು. ಜಯಶೀಲ ಬರೀ ಮಗಳನ್ನು ಬೆಳೆಸಿರಲಿಲ್ಲ, ನನ್ನನ್ನೂ ಬೆಳೆಸಿದ್ದಳು. ಅಳುವ, ಹಟ ಹಿಡಿಯುವ, ಜ್ವರ ಬಂದಾಗ ಮನೆಯಲ್ಲೇ ಉಳಿಯುವ ಒಬ್ಬ ಮರಿಯಪ್ಪನನ್ನು ಮಾಡಿಕೊಂಡು ಇಪ್ಪತ್ತು ವರ್ಷ ಅವನ ಜೊತೆ ಗುರುವಾರಗಳಲ್ಲಿ ಸಂಸಾರ ಮಾಡಿದ್ದಳು. ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

"ಕರ್ಕೊಂಡು ಹೋಗ್ತೀರಿ ತಾನೇ?" ಅಂತು ಅಚ್ಚು. ಕೆಳಗಿನಿಂದ ಆ ಮಗು, ಬಸುರಿ ಹೆಂಗಸಿನ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.

"ಹ್ಞೂಂ" ಅಂದುಬಿಟ್ಟೆ.

"ಹಾಗಾದ್ರೆ ಬರೋ ಗುರುವಾರ ಹೊರಡ್ತೀವಿ. ನೀರು ಕಾಯಿಸಿಟ್ಟಿರಿ."

ಹೊರಗೆ ಬಂದು ಹೇಳಿದರೆ ಕೆಂಚಮ್ಮ ತಲೆ ತಲೆ ಚಚ್ಚಿಕೊಂಡಳು. "ಸಾವಿನ ಸುದ್ದಿ ಹೇಳಿ ಬಾ ಅಂದ್ರೆ ಬಾಣಂತನಕ್ಕೆ ಕರೆದು ಬಂದೆಯಲ್ಲೋ! ಒಳಗೆ ಬಿಟ್ಕೊಂಡೋರ ಗತಿ ಏನಾಯ್ತು ಅಂತ ನೋಡಿಲ್ವಾ? ಇನ್ನೂ ಒಂದು ಗುರುವಾರ ಐತೆ. ಬೆಳಿಗ್ಗೇನೇ ಬಂದು ಹೇಳಿಬಿಡು. ಒಂದು ಮಾತು ಕಣಪ್ಪ, ಎರಡೂ ಕೂತ್ಕೋತವೆ, ಮುಗೀತು."

ಒಂದು ಮಾತು ಅಂತ ನನಗೂ ಗೊತ್ತಿತ್ತು. ಆ ವಾರವೆಲ್ಲ ಸೋಡಾ ಯಂತ್ರ ತಿರುಗಿಸುತ್ತಾ ಅದನ್ನು ಅಭ್ಯಾಸ ಮಾಡಿದೆ. ಚಂಪಾ ಸತ್ತು ಇಪ್ಪತ್ತು ವರ್ಷ ಆಯಿತು. ಐದೇ ಪದ. ಮೊದಲನೆಯ ಪದಕ್ಕೇ ಯಂತ್ರ ನಿಲ್ಲಿಸಿಬಿಡುತ್ತಿದ್ದೆ. ಇಪ್ಪತ್ತು ವರ್ಷ ಆ ಹೆಸರು ಹೇಳದ ಬಾಯಿಗೆ ಅದು ಬರಲೇ ಇಲ್ಲ. ಗುರುವಾರ ಬೆಳಿಗ್ಗೆ ಶರ್ಟು ಹಾಕಿಕೊಂಡು ಹೊಸಿಲವರೆಗೆ ಹೋಗಿ ವಾಪಸ್ಸು ಬಂದೆ. ಮತ್ತೆ ಹೋದೆ, ಮತ್ತೆ ಬಂದೆ. ಹನ್ನೊಂದರ ಹೊತ್ತಿಗೆ ಬೀದಿಯವರು ಕಿಟಕಿಗಳನ್ನು ಮುಚ್ಚಿಕೊಳ್ಳುವ ಸದ್ದು ಕೇಳಿತು. ಕೆಂಚಮ್ಮ ಎಲ್ಲರಿಗೂ ಹೇಳಿದ್ದಳೆಂದು ಕಾಣುತ್ತದೆ. ನಾನೂ ಬಾಗಿಲಿಗೆ ಅಗಳಿ ಹಾಕಿ, ಅಡ್ಡಲಾಗಿ ಎರಡು ಕ್ರೇಟು ಇಟ್ಟು, ನಡುಮನೆಯಲ್ಲಿ ಕೂತೆ.

ಬಿಸಿಲು ನೆತ್ತಿಗೆ ಬಂದಾಗ ಬೀದಿಯಲ್ಲಿ ಕಾಲಸಪ್ಪಳ ಕೇಳಿಸಿತು. ಎರಡು ಜೊತೆ. ಒಂದು ನಿಧಾನದ್ದು, ಇನ್ನೊಂದು ಅದಕ್ಕಿಂತ ನಿಧಾನದ್ದು, ನಡುನಡುವೆ ನಿಂತು ಸುಧಾರಿಸಿಕೊಳ್ಳುವಂಥದ್ದು. ನಮ್ಮ ಮೆಟ್ಟಿಲ ಹತ್ತಿರ ಬಂದು ನಿಂತಿತು. ಮೂರು ಸಲ ಬಾಗಿಲು ತಟ್ಟಿತು.

"ಬಾಗಿಲು ತೆಗೀರಿ, ಆಚೆ ನಿಂತಿರೋದು ನಾನೇ."

ಟೆಂಟಿನಲ್ಲಿ ಕೇಳಿ ನಕ್ಕಿದ್ದ ಮಾತು. ಉಸಿರು ಬಿಗಿಹಿಡಿದು ಕೂತಿದ್ದರೆ ಹೋಗಿಬಿಡಬಹುದೇನೋ ಅನ್ನಿಸಿತು. ಆಗ ಬಾಗಿಲ ಕೆಳಭಾಗದಿಂದ, ಅಗಳಿಗಿಂತ ಎಷ್ಟೋ ಕೆಳಗಿನಿಂದ, ಇನ್ನೊಂದು ದನಿ ಬಂತು. ಐದು ವರ್ಷದ ದನಿ.

"ಅಪ್ಪಾ, ನೋವು ಶುರುವಾಗಿದೆ."

ಸಿನಿಮಾದಲ್ಲಿ ಆ ಮಾತು ಇರಲಿಲ್ಲ. ನಾನು ಎದ್ದೆ. ಒಲೆ ಹೊತ್ತಿಸಿ ಹಂಡೆಯಲ್ಲಿ ನೀರಿಟ್ಟೆ. ಕ್ರೇಟುಗಳನ್ನು ಸರಿಸಿ ಬಾಗಿಲು ತೆಗೆದೆ.

ಜಯಶೀಲಳ ಅಚ್ಚಿನ ಕೈ ಎದ್ದಿತು. ಸಿನಿಮಾದಲ್ಲಿ ಎಲ್ಲರ ಕೈ ಏಳುತ್ತಿದ್ದ ಹಾಗೇ, ನೇರ ನನ್ನ ಕತ್ತಿನ ಕಡೆಗೆ. ನಾನು ಕಣ್ಣು ಮುಚ್ಚಿಕೊಂಡೆ. ತಣ್ಣನೆಯ ಬೆರಳುಗಳು ಗಂಟಲಿಗೆ ತಾಗಿದವು. ಆಮೇಲೆ ಆ ಬೆರಳುಗಳು ನನ್ನ ಶರ್ಟಿನ ಮೇಲಿನ ಗುಂಡಿಯನ್ನು ಹಾಕಿದವು. "ಇದೊಂದು ಗುಂಡಿ ಯಾವತ್ತೂ ಹಾಕಲ್ಲ ಅಂತಿದ್ಲು" ಅಂದು ಅದು ಒಳಗೆ ಬಂತು. ಮೂವತ್ತು ವರ್ಷ ಪ್ರತಿದಿನ ಜಯಶೀಲ ಮಾಡುತ್ತಿದ್ದ ಕೆಲಸ ಅದು. ಅವಳು ಹೋದ ದಿನದಿಂದ ಆ ಗುಂಡಿ ಹಾಗೇ ಇತ್ತು.

ಚಾಪೆ ಹಾಸಿದೆವು. ಮಗು ಮಗ್ಗುಲಾಗಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಮಲಗಿತು. ಫ್ರಾಕಿನೊಳಗೆ ಐದು ವರ್ಷದ ಚಪ್ಪಟೆ ಹೊಟ್ಟೆ. ಸ್ವಲ್ಪ ಹೊತ್ತಿಗೆ ಕಿರುಚಿತು. ಆ ಕಿರುಚಾಟ ನನಗೆ ಗೊತ್ತಿತ್ತು. ಸಿನಿಮಾದಲ್ಲಿ ಮೆಟ್ಟಿಲ ಮೇಲೆ ಯಂತ್ರವನ್ನು ಕಂಡ ಮಗು ಕಿರುಚುವ ದನಿ ಅದು, ಕಂಪನಿಯವರು ಚಂಪಾಳಿಂದ ಹದಿನಾರು ಸಲ ಕಿರುಚಿಸಿ ಹಿಡಿದದ್ದು. ಅದಕ್ಕೆ ಗೊತ್ತಿದ್ದದ್ದು ಅದೊಂದೇ ಕಿರುಚಾಟ. ಐದು ನಿಮಿಷಕ್ಕೊಮ್ಮೆ ಅದೇ ಅಳತೆಯಲ್ಲಿ, ಅದೇ ಕಡೆ ದನಿ ಒಡೆದು, ಮತ್ತೆ ಮತ್ತೆ ಬಂತು. ಜಯಶೀಲಳ ಅಚ್ಚು ಅದರ ಹಣೆ ಒತ್ತುತ್ತಾ, "ಇನ್ನೇನು ಬಂತು ಕಂದ, ಇನ್ನೊಂಚೂರು" ಅನ್ನುತ್ತಿತ್ತು. ನಾನು ಬಿಸಿನೀರು ತಂದಿಟ್ಟೆ. ಆರಿತು. ಮತ್ತೆ ತಂದಿಟ್ಟೆ. ಬಿಸಿಲು ನಡುಮನೆಯಿಂದ ಹಿತ್ತಲಿಗೆ ಹೋಯಿತು. ಏನೂ ಹುಟ್ಟಲಿಲ್ಲ.

ಕೊನೆಗೆ ಅಚ್ಚು ನನ್ನ ಕಡೆ ತಿರುಗಿತು. "ಯಾಕ್ರೀ ಮಗು ಬರ್ತಿಲ್ಲ?" ಅಂತು. ಆ ಮುಖದಲ್ಲಿ ಗಾಬರಿಯಿತ್ತು. ಚಂಪಾಳ ಮೂರನೆಯ ದಿನದ ಜ್ವರದಲ್ಲಿ ಜಯಶೀಲ ನನ್ನನ್ನು ಹೀಗೇ ನೋಡಿ, ಬೇಡ, ಇವತ್ತೊಂದಿನ ಇರಿ ಅಂದಿದ್ದಳು. ಆವತ್ತು ನಾನು ಗಾಡಿ ಹೂಡಿಕೊಂಡು ಹೋಗಿದ್ದೆ. ಈವತ್ತು ಚಾಪೆಯ ಪಕ್ಕ ಕೂತೆ. ಮಗುವಿನ ಕೈ ಹಿಡಿದುಕೊಂಡೆ.

"ಚಂಪಾ" ಅಂದೆ. ಹೆಸರು ಬಂತು. ಅದು ಬಂದ ಮೇಲೆ ಉಳಿದದ್ದೂ ಬಂತು. ಐದು ಪದ ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಹುಟ್ಟಿದ ದಿನದಿಂದ ಹೇಳಿದೆ. ಸೋಡಾ ಯಂತ್ರ ಮನೆಗೆ ಬಂದ ತಿಂಗಳೇ ಅವಳು ಹುಟ್ಟಿದ್ದು. ಖಾಲಿ ಕ್ರೇಟಿನಲ್ಲಿ ಹಳೇ ಸೀರೆ ಹಾಸಿ ಮಲಗಿಸುತ್ತಿದ್ದದ್ದು. ಯಂತ್ರ ತಿರುಗುವ ಸದ್ದಿಲ್ಲದೆ ಅವಳಿಗೆ ನಿದ್ದೆ ಬಾರದೆ, ಹಬ್ಬದ ರಜೆಯಲ್ಲೂ ನಾನು ಬರೀ ಸೀಸೆ ಇಟ್ಟು ತಿರುಗಿಸುತ್ತಿದ್ದದ್ದು. ಸೀಸೆಯ ಗೋಲಿಯನ್ನು ಒಂದು ಹೆಬ್ಬೆರಳಿನಿಂದ ಒತ್ತಲಾಗದೆ ಎರಡೂ ಹೆಬ್ಬೆರಳು ಸೇರಿಸಿ, ಕಣ್ಣು ಮುಚ್ಚಿ ಒತ್ತುತ್ತಿದ್ದದ್ದು. ಮುಂದಿನ ಹಲ್ಲು ಬಿದ್ದಾಗ ಅದನ್ನು ಸೀಸೆಗೆ ಹಾಕಿ ಗೋಲಿ ಮಾಡಿಕೊಡು ಅಂದದ್ದು. ಜ್ವರದ ಮೂರನೆಯ ಬೆಳಿಗ್ಗೆ, ಒಡೆದ ಸೀಸೆಯ ಹಸಿರು ಗೋಲಿ ಬೇಕು ಅಂತ ಕೈ ಚಾಚಿದ್ದು, ಬಂದ ಮೇಲೆ ಕೊಡ್ತೀನಿ ಅಂತ ನಾನು ಹೋದದ್ದು. "ನಾನು ಬರೋ ಹೊತ್ತಿಗೆ ನೀನು ಹೋಗಿದ್ದೆ ಮಗಳೇ. ನೀನು ಹೋಗಿ ಇಪ್ಪತ್ತು ವರ್ಷ ಆಯ್ತು. ನಿಮ್ಮಮ್ಮನೂ ಹೋದಳು, ಮೊನ್ನೆ ಮೊನ್ನೆ. ನಾನು ಆವತ್ತು ಇರಬೇಕಿತ್ತು. ಇರಲಿಲ್ಲ."

ಹಿಂದಿನಿಂದ ಜಯಶೀಲಳ ಅಚ್ಚು ಗೋಡೆಗೆ ಒರಗಿ ಕೂತ ಸದ್ದು ಕೇಳಿತು. ತಿರುಗಿ ನೋಡಿದರೆ ಸೆರಗಿನಿಂದ ಮುಖ ಒರೆಸಿಕೊಂಡು ಕಣ್ಣು ಮುಚ್ಚಿತ್ತು. ನಾನು ಪೆಟ್ಟಿಗೆಯಿಂದ ಆ ಹಸಿರು ಗೋಲಿ ತಂದೆ. ಗಂಟು ಕಟ್ಟಿ ಎಲ್ಲ ಕೊಟ್ಟಿದ್ದೆನಲ್ಲ, ಅದೊಂದನ್ನು ಕೊಡಲು ಆಗಿರಲಿಲ್ಲ. ಮಗುವಿನ ಅಂಗೈಯಲ್ಲಿಟ್ಟೆ. ಬೆರಳು ಮಡಚಿಕೊಂಡವು. ಕಣ್ಣು ಮಾತ್ರ ಮುಚ್ಚಲಿಲ್ಲ. ಅದು ನನ್ನನ್ನೇ ನೋಡುತ್ತಿತ್ತು.

"ಹಾಗಾದ್ರೆ ನನ್ನ ಮಗು?" ಅಂತು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸತ್ತವರ ಸುದ್ದಿ ಹೇಳಲು ಬಂದವನಿಗೆ, ಹುಟ್ಟದವರ ಸುದ್ದಿ ಹೇಗೆ ಹೇಳುವುದೆಂದು ಯಾರೂ ಕಲಿಸಿರಲಿಲ್ಲ. ಅದು ಕಾಯುತ್ತಿತ್ತು. ಮತ್ತೆ ಕಿರುಚುವ ಹೊತ್ತಾಗುತ್ತಿತ್ತು.

"ಅದನ್ನ ನಾನು ನೋಡ್ಕೋತೀನಿ ಕಂದ" ಅಂದೆ.

"ಮನೇಲೇ ಇರ್ತೀಯಾ?"

"ಮನೇಲೇ ಇರ್ತೀನಿ."

ಆಗ ಚಂಪಾ ಕಣ್ಣು ಮುಚ್ಚಿದಳು. ಸಂಜೆ ಕೆಂಚಮ್ಮ ನಾಲ್ಕು ಜನರನ್ನು ಕರೆದುಕೊಂಡು ಬಂದಳು. ನಾನು ಬದುಕಿರುವುದನ್ನು ನೋಡಿ ಅವರಿಗೆ ಸಂತೋಷವಾಯಿತೋ, ಅನುಮಾನವಾಯಿತೋ ತಿಳಿಯಲಿಲ್ಲ. ಅವತ್ತಿನಿಂದ ಅಂಗಡಿಗೆ ಬಂದವರು ಸೋಡಾ ಕುಡಿದು, "ಮೊದಲಿಗಿಂತ ಜೋರಾಗಿದೆ ಕಣಯ್ಯ ಮರಿಯಪ್ಪ" ಅಂತ ನನ್ನ ಮುಖ ನೋಡುತ್ತಾರೆ. ನೋಡಲಿ. ನಾನು ನಾನೇ, ಶೆಡ್ಡಿನಲ್ಲಿ ನನ್ನ ಅಚ್ಚು ಹಾಗೇ ಇದೆ, ಬೇಕಾದವರು ಹೋಗಿ ನೋಡಬಹುದು.

ಆ ಅಚ್ಚಿನ ಮುಂದೆ ಮರುವಾರ ನಿಂತೆ. ಹೋದ ವಾರದ ಹಾಗೇ ಅನ್ನಲು ಬಾಯಿ ತೆರೆದವನು, "ಹೆಣ್ಣು ಮಗು" ಅಂದೆ. ಇಪ್ಪತ್ತೊಂದು ವರ್ಷದಲ್ಲಿ ಒಂದು ಮಾತೂ ಆಡದಿದ್ದ ಆ ಮೂವತ್ತೊಂದರ ನನ್ಮಗ ಮುಖ ತಿರುಗಿಸಿ ಕೇಳಿದ, "ಯಾರ ಹಾಗಿದೆ?" ಅವಳಜ್ಜಿಯ ಹಾಗೆ ಅಂದೆ. ಈಗ ಗುರುವಾರ ತಲೆಗೆ ನೀರು ಹಾಕಿಕೊಂಡು ಹೋಗುತ್ತೇನೆ. ಮಗುಚಿಕೊಂಡಳು, ಹೊಸಿಲು ದಾಟಿದಳು, ಹಲ್ಲು ಬಂತು. ಮೊನ್ನೆ ಎರಡೂ ಹೆಬ್ಬೆರಳು ಸೇರಿಸಿ ಗೋಲಿ ಒತ್ತಿದಳು ಅಂದಾಗ ಅವನು ನಕ್ಕ. ಮರದ ಕೆಳಗೆ ಕಾಯುವವರು ಯಾರೂ ಇಲ್ಲದ್ದರಿಂದ ಒಂದು ಗಂಟೆ ಮಾತಾಡಿದರೂ ಕೇಳುವವರಿಲ್ಲ. ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೇನಲ್ಲ, ನನಗೆ ಗೊತ್ತಿರುವ ದಾರಿ ಇದೊಂದೇ.

ಇದನ್ನೆಲ್ಲ ಬರೆದು ಗೋಡೆಯ ಗೂಡಿನಲ್ಲಿಡುತ್ತಿರುವುದಕ್ಕೆ ಕಾರಣವಿದೆ. ಕೆಂಚಮ್ಮ ಹೋದ ವರ್ಷ ತೀರಿಕೊಂಡಳು. ನಾನು ಹೋದರೆ ಶೆಡ್ಡಿಗೆ ಹೋಗಿ ನನ್ನ ಸುದ್ದಿ ಹೇಳಲು ಈ ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಮೂರನೆಯ ಗುರುವಾರ ಮಧ್ಯಾಹ್ನ ಅವನು ಹೊರಡುತ್ತಾನೆ. ಆಗ ಈ ಮನೆಯಲ್ಲಿರುವವರು, ಗೂಡಿನಲ್ಲಿ ಇದನ್ನು ಕಂಡು ಓದುತ್ತಿರುವ ನೀವು. ಮೂರು ಸಲ ಬಾಗಿಲು ತಟ್ಟುತ್ತದೆ, ಆಚೆ ನಿಂತಿರೋದು ನಾನೇ ಅನ್ನುತ್ತದೆ. ಹೆದರಬೇಡಿ, ತೆಗೆಯಿರಿ. ಅವನು ಬಂದಿರುವುದು ನಿಮಗಾಗಿ ಅಲ್ಲ, ಮೊಮ್ಮಗಳನ್ನು ನೋಡಲು. ನನ್ನ ವಿಷಯ ಏನೂ ಹೇಳಬೇಡಿ. ಅವಳೆಲ್ಲಿ ಅಂತ ಕೇಳುತ್ತಾನೆ. ಸ್ಕೂಲಿಗೆ ಹೋಗಿದ್ದಾಳೆ, ಇನ್ನೇನು ಬಂದುಬಿಡ್ತಾಳೆ ಅನ್ನಿ. ಅವನು ಮೆಟ್ಟಿಲ ಮೇಲೆ ಬೀದಿ ನೋಡುತ್ತಾ ಕೂರುತ್ತಾನೆ. ಕೂತಿರಲಿ ಬಿಡಿ.